ಹೊಳೆ ಮೀನಿಗೆ ಹಳ್ಳವೇ ತವರು

ಕಂಪ್ಲಿ ಕಡೆಯ ಒಂದು ಹಳ್ಳ ತುಂಗಭದ್ರೆ ಸೇರುವಲ್ಲಿ ಕೆಲವು ವರ್ಷಗಳ ಹಿಂದೆ ಮೀನಿಗೆ ಆಸರೆ ಮಾಡಿದ್ದೆವು. ಕಂಟಿಯ ಹೊರೆ ಕಟ್ಟಿ, ಕಲ್ಲು ಬಿಗಿದು ಮಡುವಿನಲ್ಲಿ ಮುಳುಗಿಸಿದ್ದೆವು. ದಡದಲ್ಲಿ ಹೊಳೆಮತ್ತಿ, ಹೊಂಗೆ ಸಸಿ ನೆಟ್ಟಿದ್ದೆವು. ಹರಗೋಲು ಹಾಕುವ ಅಜ್ಜ ಒಬ್ಬರು ಬಂದು ಎಲ್ಲ ನೋಡಿ, "ಸರ್, ಮೀನಿಗೆ ಮನಿ ಕಟ್ಟೀರಿ, ಬಾಗ್ಲಾ ಇಡೋದು ಮರ್ತೀರಿ ನೋಡ್ರಿ" ಅಂದರು.

ನೂರು ಮಾರು ಮೇಲಕ್ಕೆ ಎದೆಮಟ್ಟದ ಚೆಕ್ ಡ್ಯಾಂ ಇತ್ತು. ನನ್ನ ನಕ್ಷೆಯಲ್ಲೂ ಅದು ಇತ್ತು, ನೀರು ನಿಲ್ಲಿಸುವ ಕಟ್ಟೆ ಅಂತ. ಮೀನನ್ನೂ ನಿಲ್ಲಿಸುತ್ತದೆ ಎನ್ನುವುದು ತಲೆಗೆ ಹೊಳೆದಿರಲಿಲ್ಲ.

ಮೃಗಶಿರಾ, ಆರಿದ್ರಾ ಮಳೆ ಬಿದ್ದು ಕೆಂಪಗೆ ಹೊಸನೀರು ಬಂತೆಂದರೆ ನಮ್ಮ ಗೆಂಡೆ ಜಾತಿಯ ಮೀನುಗಳು ಸೆಳವಿಗೆ ಎದುರು ಈಜಿ ಮೇಲೇರುತ್ತವೆ, ಮೊಟ್ಟೆ ಇಡಲು. ಬೆಚ್ಚಗಿನ ನೀರಿನಲ್ಲಿ ಮೊಟ್ಟೆ ಒಡೆಯಲು 15ರಿಂದ 18 ತಾಸು ಸಾಕು. ಆಮೇಲೆ ಮರಿಗೆ ತೆಳುನೀರಿನ, ಹುಲ್ಲಿನ ಅಂಚು ಬೇಕು. ಮಹಶೀರ್ ಎಂಬ ದೊಡ್ಡ ಹೊಳೆಮೀನಿನದು ಇನ್ನೂ ನಾಜೂಕು, ಅದಕ್ಕೆ ಹೂಳಿಲ್ಲದ ಹರಳುಗಲ್ಲಿನ ತಳವೇ ಆಗಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಹೊಳೆಯಲ್ಲಿ ಮೇಲೇರುವ ದಾರಿ ಮುಚ್ಚಿತು. 133 ಟಿಎಂಸಿಯ ಜಲಾಶಯ ಹೂಳಿನಿಂದ 105 ಟಿಎಂಸಿಗೆ ಇಳಿದಿದೆ ಎಂದು ರೈತರ ನಷ್ಟದ ಮಾತಾಡುತ್ತೇವೆ. ಕೆಳಗಿನ ಹೊಳೆಗೆ ಬರಬೇಕಿದ್ದ ಗರಸು, ಹರಳೂ ಅಲ್ಲೇ ಕೂತಿವೆ.

ಅಣೆಕಟ್ಟು ತೆಗೆಯುವ ಮಾತು ಯಾರೂ ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ರಾಯಚೂರಿನ ಕಾಲುವೆ ಕೊನೆಭಾಗದ ಗದ್ದೆಗೇ ನೀರು ಮುಟ್ಟದಿರುವಾಗ ಮೀನಿಗೆಂದು ಗೇಟು ಎತ್ತಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ಹೀಗಾಗಿ ಕೆಳಗಿನ ಮೀನಿಗೆ ಉಳಿದಿರುವುದು ಹಳ್ಳಗಳು. ಹೆರಿಗೆಗೆ ತವರಿಗೆ ಹೋದ ಹಾಗೆ. ಜಲಾಶಯಕ್ಕೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮರಿ ಮೀನುಗಾರರ ಹೊಟ್ಟೆಪಾಡಿಗೆ ಬೇಕು, ತಕರಾರಿಲ್ಲ. ಆದರೆ ಅವು ಗಂಗಾ ಸೀಮೆಯ ಮೀನು. ಅವನ್ನು ಎಷ್ಟು ಬಿಟ್ಟರೂ ನಮ್ಮ ಹೊಳೆಯ ಮೀನು ಹೆಚ್ಚುವುದಿಲ್ಲ.

ಬಾಗಿಲು ಇಡಲು ಚೆಕ್ ಡ್ಯಾಂ ಒಡೆಯಬೇಕಿಲ್ಲ. ಅದರ ಕೆಳಮುಖಕ್ಕೆ ಕಲ್ಲಿನ ಇಳಿಜಾರು ಕೂಡಿಸಿದರಾಯಿತು. ಒಂದು ಮೀಟರ್ ಎತ್ತರಕ್ಕೆ ಕಡಿಮೆಯೆಂದರೆ 20 ಮೀಟರ್ ಉದ್ದ. ನಡುವೆ ತುಸು ತಗ್ಗು ಇರಬೇಕು, ನೀರು ಕಡಿಮೆಯಾದಾಗಲೂ ಅಲ್ಲಿ ಕೂಡಿ ಹರಿಯುವಂತೆ. ಅಲ್ಲಲ್ಲಿ ದೊಡ್ಡ ಗುಂಡುಕಲ್ಲು ಎದ್ದು ನಿಂತಿದ್ದರೆ ಅದರ ಮರೆಯಲ್ಲಿ ಮೀನು ದಣಿವಾರಿಸಿಕೊಳ್ಳುತ್ತದೆ. ಸಿಮೆಂಟ್ ಮೆತ್ತಿ ನುಣುಪು ಮಾಡಲು ಹೊರಟ ಮೇಸ್ತ್ರಿಯ ಕೈ ಹಿಡಿಯುವುದೇ ಇದರಲ್ಲಿ ದೊಡ್ಡ ಕೆಲಸ! ವಿಜಯನಗರ ಕಾಲದ ಅಣೆಗಳನ್ನು ನೋಡಿ. ಹೊಳೆಯ ಬಂಡೆಗಳನ್ನೇ ಆಧಾರ ಮಾಡಿ, ನಡುವೆ ಒರಟು ಕಲ್ಲು ಒಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದರು. ಮಹಾಪೂರದಲ್ಲಿ ಅಂಥ ಅಣೆಯ ಮೇಲೆ ಮೀನು ಹತ್ತಿರಲೇಬೇಕು ಎಂಬುದು ನನ್ನ ಎಣಿಕೆ.

ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಪುನಶ್ಚೇತನ ಮಾಡಿಸಿದರು. ಊರು ಮನಸ್ಸು ಮಾಡಿದರೆ ಹಳ್ಳ ತೆರೆಯುತ್ತದೆ ಎಂದು ಕಣ್ಣಾರೆ ಕಂಡೆವು. ಇಂಥ ಕೆಲಸಕ್ಕೆ ಕೈ ಹಾಕುವ ಬೇರೆ ಊರಿನವರಿಗೆ ಒಂದೆರಡು ಮಾತು. ತಳವನ್ನು ಉದ್ದಕ್ಕೂ ಕಾಲುವೆಯಂತೆ ಒಂದೇ ಸಮ ಮಾಡಬೇಡಿ, ಮಡು ಮಡುವಾಗಿರಲಿ, ತೆಳುನೀರಿನ ಜಾಗವೂ ಇರಲಿ. ದಡದ ಬಳ್ಳಾರಿ ಜಾಲಿಯನ್ನು ಒಂದೇ ಬಾರಿ ಬೋಳಿಸಿದರೆ ಮಣ್ಣು ಕುಸಿಯುತ್ತದೆ. ತುಂಡು ತುಂಡಾಗಿ ಕಡಿಯುತ್ತ ಲಕ್ಕಿ, ಲಾವಂಚ ಹಚ್ಚಿ. ನಾವು ನೀರಿನ ಅಂಚಿಗೇ ಹೊಳೆಮತ್ತಿ ನೆಟ್ಟು, ಮೊದಲ ಪೂರಕ್ಕೇ ಅಷ್ಟೂ ಕಳೆದುಕೊಂಡವರು. ಗಂಗಾವತಿ, ಸಿರುಗುಪ್ಪ ಕಡೆ ಭತ್ತದ ಗದ್ದೆಯ ಬಸಿನೀರು ಗೊಬ್ಬರ, ಔಷಧಿ ಹೊತ್ತು ಹಳ್ಳಕ್ಕಿಳಿಯುತ್ತದೆ. ಅದು ಜೊಂಡು ಬೆಳೆದ ತಗ್ಗಿನಲ್ಲಿ ನಿಂತು ಹಾದು ಬಂದರೆ ಅರ್ಧ ಕೆಲಸ ಆದಂತೆ.

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬಾಗಿಲು ಇಡುವ ಕೆಲಸ ಇಲ್ಲಿಗೆ ಬಂದು ಸೇರುವ ಹಳ್ಳಗಳಿಂದ ಶುರುವಾಗಲಿ. ನೀರುನಾಯಿಗೂ ಮೀನೇ ಊಟ.

ನಮ್ಮ ಇಳಿಜಾರು ಮುಗಿದ ವರ್ಷ ಮುಂಗಾರಿಗೆ ಅಜ್ಜ ಫೋನ್ ಮಾಡಿದರು: "ಸಣ್ಣ ಮೀನು ಹತ್ತಾಕತ್ತಾವ್ರೀ. ಬಾಳೆಮೀನು ಇನ್ನೂ ಕಂಡಿಲ್ಲ." ಮೂರನೇ ದಿನ ಮತ್ತೆ ಫೋನ್. ಮೀನು ಹತ್ತುವ ಜಾಗ ಊರಿಗೆಲ್ಲ ಗೊತ್ತಾಗಿ, ಇಳಿಜಾರಿನ ತಲೆಗೆ ನಾಲ್ಕು ಬಲೆ ಬಿದ್ದಿದ್ದವು. ಈಗ ಹೊಸನೀರು ಬಂದ ದಿನದಿಂದ ಒಂದು ತಿಂಗಳು ಅಲ್ಲಿ ಬಲೆ ಹಾಕಬಾರದೆಂದು ಊರವರೇ ಕೂತು ಮಾತಾಡಿಕೊಂಡಿದ್ದಾರೆ. ಕಾಯುವವರು ಆ ಅಜ್ಜ.