ಮುಂಗಡ ಕೊಟ್ಟ ಮೇಲೆ ಕರೆಯಬೇಡಿ

ಹಳೆಯ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, ಲಾಭಕ್ಕೆ ಮಾರಲು ಹೊರಟವರು ಕಟ್ಟಡ ಎಂಜಿನಿಯರ್ ಆದ ನನ್ನನ್ನು ಕರೆಯುವುದು ಹೆಚ್ಚಾಗಿ ಮುಂಗಡ ಕೊಟ್ಟ ಮಾರನೆಯ ವಾರ. ನಾನು ಹೇಳಿದ್ದನ್ನೆಲ್ಲ ಆಗ ಶ್ರದ್ಧೆಯಿಂದ ಕೇಳುತ್ತಾರೆ, ಆದರೆ ಕೇಳಿ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಹಕ್ಕುಪತ್ರ, ಸಾಲದ ಹೊರೆ ಇವನ್ನು ವಕೀಲರು ನೋಡಿಕೊಳ್ಳಲಿ. ನನ್ನ ತಕರಾರಿರುವುದು ಲೆಕ್ಕ ಹಾಕುವ ದಿಕ್ಕಿನ ಬಗ್ಗೆ.

ಇವರ ಲೆಕ್ಕ ಶುರುವಾಗುವುದೇ ಮಾರುವವನು ಹೇಳಿದ ಬೆಲೆಯಿಂದ. ಅದಕ್ಕೆ ದುರಸ್ತಿಯ ಅಂದಾಜು ಕೂಡಿಸಿ, ಮೇಲಿಷ್ಟು ಲಾಭವಿಟ್ಟು, ಇಷ್ಟಕ್ಕೆ ಮಾರಿದರಾಯಿತು ಎನ್ನುತ್ತಾರೆ. ನಾಳೆ ಕೊಳ್ಳುವವನಿಗೆ ನಿಮ್ಮ ಖರ್ಚು ಕಟ್ಟಿಕೊಂಡು ಏನಾಗಬೇಕು? ಅದೇ ಆಸುಪಾಸಿನಲ್ಲಿ, ಅಷ್ಟೇ ಅಳತೆಯ, ಸುಸ್ಥಿತಿಯ ಮನೆ ಈಚೆಗೆ ಎಷ್ಟಕ್ಕೆ ಹೋಗಿದೆಯೋ ಹೆಚ್ಚುಕಡಿಮೆ ಅಷ್ಟನ್ನೇ ಆತ ಕೊಡುತ್ತಾನೆ. ಆದ್ದರಿಂದ ಲೆಕ್ಕ ಅಲ್ಲಿಂದ ಹಿಂದಕ್ಕೆ ಬರಬೇಕು. ಆ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ಈ ವ್ಯವಹಾರದವರು ಬಳಸುವ ಒಂದು ಅಂದಾಜು ಸೂತ್ರದ ಪ್ರಕಾರ, ಅದರಲ್ಲಿ 70ನ್ನು ತೆಗೆದುಕೊಂಡು ದುರಸ್ತಿ ಖರ್ಚನ್ನು ಕಳೆದಾಗ ಉಳಿಯುವುದೇ ನೀವು ಕೊಡಬಹುದಾದ ಗರಿಷ್ಠ ಬೆಲೆ. ದುರಸ್ತಿಗೆ 25 ಬೇಕಾದರೆ 45ರ ಮೇಲೆ ಹೋಗುವಂತಿಲ್ಲ. 60 ಕೊಟ್ಟರೂ 15 ಉಳಿಯಿತಲ್ಲ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಉಳಿಯುವುದಿಲ್ಲ. ಕೊಳ್ಳುವಾಗಿನ ನೋಂದಣಿ ಶುಲ್ಕ, ಮಾರುವಾಗಿನ ದಲ್ಲಾಳಿ, ಮನೆ ಕೈಯಲ್ಲಿರುವಷ್ಟು ತಿಂಗಳ ಬಡ್ಡಿ, ತೆರಿಗೆ, ವಿಮೆ, ವಿದ್ಯುತ್ತು ಇವೆಲ್ಲ ಹೋಗಬೇಕಾದದ್ದು ನಾವು ಪಕ್ಕಕ್ಕಿಟ್ಟ ಆ 30ರಿಂದಲೇ. ನಿಮ್ಮ ಲಾಭವೂ ಅದರಲ್ಲೇ ಇದೆ. ಸೂತ್ರವೇನೂ ಶಾಸನವಲ್ಲ. ಮನೆಗಳು ಬೇಗ ಬಿಕರಿಯಾಗುವ ಕಡೆ ಅದನ್ನು ಕೊಂಚ ಸಡಿಲಿಸಬಹುದು, ನಿಧಾನವಾದ ಕಡೆ ಬಿಗಿಗೊಳಿಸಬೇಕಾಗಬಹುದು, ಆದರೆ ಲೆಕ್ಕದ ದಿಕ್ಕನ್ನು ತಿರುಗಿಸುವಂತಿಲ್ಲ.

ಆ 25 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಮೌನ. ಒಮ್ಮೆ ಒಂದು ಮನೆಗೆ ಮುಂಗಡ ಕೊಟ್ಟಿದ್ದ ದಂಪತಿ ಬಣ್ಣದ ಮಾದರಿಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ನನ್ನನ್ನು ಮನೆಯೊಳಗೆ ಕರೆದೊಯ್ದರು. ಹಜಾರದ ಒಂದೇ ಗೋಡೆಗೆ, ಅದೂ ಸೊಂಟದೆತ್ತರದವರೆಗೆ ಮಾತ್ರ, ಹೊಸ ಬಣ್ಣ ಬಳಿದಿತ್ತು. ಬೀಗದ ಕೈಯಿಂದ ತಟ್ಟಿದೆ. ಪೊಳ್ಳು ಸದ್ದು ಬಂತು. ಒತ್ತಿದೊಡನೆ ಗಾರೆ ಬಿಳಿಯ ಉಪ್ಪಿನ ಸಮೇತ ಪುಡಿಯಾಗಿ ಕೈಗೆ ಬಂತು, ಏಕೆಂದರೆ ನೆಲದ ತೇವ ವರ್ಷಗಳಿಂದ ಗೋಡೆಯೊಳಗೇ ಏರುತ್ತಿತ್ತು. ಬಚ್ಚಲಿನ ತಾರಸಿಯಲ್ಲಿ ಕಾಂಕ್ರೀಟಿನ ಚಕ್ಕೆ ಉದುರಿ ಕಂಬಿ ಇಣುಕುತ್ತಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಅವರ ದುರಸ್ತಿ ಖರ್ಚಿನ ಪಟ್ಟಿಯಲ್ಲಿ ಈ ಎರಡಕ್ಕೂ ಇದ್ದದ್ದು ಒಂದೇ ಸಾಲು: ಬಣ್ಣ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡಿದ್ದ ಬಿರುಕನ್ನು ನೋಡಿ ಅವರು ಹೆದರಿದ್ದರು; ಅದು ಕೂದಲೆಳೆಯಷ್ಟಿತ್ತು, ಹಳೆಯದಾಗಿ ಕಾಣುತ್ತಿತ್ತು, ಅದು ಬೆಳೆಯುತ್ತದೆಯೇ ಎಂದು ನೋಡಲು ಸದ್ಯಕ್ಕೆ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದಿಟ್ಟರೆ ಸಾಕಿತ್ತು. ಹೆದರಬೇಕಾದಲ್ಲಿ ಯಾರೂ ಹೆದರುವುದಿಲ್ಲ.

ಹುಡುಕಬೇಕಾದದ್ದು ಕೊಳಕಾಗಿ ಕಂಡರೂ ಗಟ್ಟಿಮುಟ್ಟಾಗಿರುವ ಮನೆಯನ್ನು. ವಾರಸುದಾರರು ದೂರದಲ್ಲಿದ್ದು ಬೀಗ ಹಾಕಿಟ್ಟದ್ದು, ಮುಗ್ಗಲು ವಾಸನೆಗೆ ಬಂದವರೆಲ್ಲ ಬಾಗಿಲಿನಿಂದಲೇ ಹಿಂದಿರುಗಿದ್ದು, ಮಾರಾಟಕ್ಕಿಟ್ಟು ತಿಂಗಳುಗಟ್ಟಲೆ ಆದದ್ದು ಇಂಥವುಗಳಲ್ಲಿ ಅದು ಸಿಗಬಹುದು. ಹರಾಜಿನಲ್ಲೂ ಸಿಗಬಹುದು, ಆದರೆ ಅಲ್ಲಿ ಎಷ್ಟೋ ಸಲ ಒಳಗೆ ಕಾಲಿಡುವ ಮೊದಲೇ ಬೆಲೆ ಕೂಗಬೇಕಾಗುತ್ತದೆ. ಮೊದಲ ಸಲ ಕೊಳ್ಳುವವರಿಗೆ ನಾನು ಹರಾಜನ್ನು ಸೂಚಿಸುವುದಿಲ್ಲ.

ಆ ದಂಪತಿ ಅಸಲನ್ನು ಹೇಗೋ ಉಳಿಸಿಕೊಂಡರು. ಈಗ ಮುಂಗಡಕ್ಕೆ ಮೊದಲೇ ಕರೆಯುತ್ತಾರೆ. ಆಮೇಲೆ ತೋರಿಸಿದ ಆರು ಮನೆಗಳಲ್ಲಿ ಐದನ್ನು ನಾನು ಬೇಡವೆಂದಿದ್ದೇನೆ. ಬಣ್ಣದ ಪಟ್ಟಿಯನ್ನು ಮಾತ್ರ ಪ್ರತಿ ಸಲವೂ ತರುತ್ತಾರೆ.