ಗೇಮ್ ಆಡುವ ಕಾರ್ಡು ಆಕಾಶದ ಲೆಕ್ಕಕ್ಕೆ ಬಂದದ್ದು ಹೇಗೆ?

ಎರಡು ಆಂಟೆನಾ ಇದ್ದರೆ ಒಂದು ಜೋಡಿ. ಹತ್ತು ಇದ್ದರೆ 45 ಜೋಡಿ. ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 30 ಡಿಶ್‌ಗಳಿವೆ, ಅಲ್ಲಿ 435 ಜೋಡಿ. ಕೆನಡಾದ ಚೈಮ್ ದೂರದರ್ಶಕದಲ್ಲಿ 1,024 ಆಂಟೆನಾಗಳಿವೆ. ಒಂದೊಂದರಿಂದಲೂ ಎರಡೆರಡು, ಒಟ್ಟು 2,048 ಸಿಗ್ನಲ್. ಜೋಡಿ ಲೆಕ್ಕ ಹಾಕಿದರೆ ಸುಮಾರು 21 ಲಕ್ಷ! ರೇಡಿಯೊ ಖಗೋಳದವರ ಅರ್ಧ ತಲೆನೋವು ಇರುವುದು ಇಲ್ಲೇ.

ಜೋಡಿ ಯಾಕೆ ಬೇಕು? ದೂರ ದೂರ ಇಟ್ಟ ಸಣ್ಣ ಆಂಟೆನಾಗಳನ್ನು ಸೇರಿಸಿ ಒಂದು ದೊಡ್ಡ ದೂರದರ್ಶಕದಂತೆ ಬಳಸಬಹುದು. ಕೇಂಬ್ರಿಜ್‌ನ ಮಾರ್ಟಿನ್ ರೈಲ್ ಬೆಳೆಸಿದ ಈ ವಿಧಾನಕ್ಕೆ 1974ರಲ್ಲಿ ನೊಬೆಲ್ ಬಂತು. ಆದರೆ ಅದಕ್ಕಾಗಿ ಪ್ರತಿ ಜೋಡಿಯ ಸಿಗ್ನಲ್‌ಗಳನ್ನು ಒಂದಕ್ಕೊಂದು ಗುಣಿಸಿ ಸರಾಸರಿ ತೆಗೆಯುತ್ತಲೇ ಇರಬೇಕು. ಈ ಕೆಲಸ ಮಾಡುವ ಯಂತ್ರವೇ ಕೊರಿಲೇಟರ್. ಆಂಟೆನಾ ಎರಡು ಪಟ್ಟಾದರೆ ಅದರ ಕೆಲಸ ನಾಲ್ಕು ಪಟ್ಟು. ಅದೂ ಆಗಿಂದಾಗಲೇ ಆಗಬೇಕು. ಬರುವ ಡೇಟಾವನ್ನೆಲ್ಲ ತುಂಬಿಟ್ಟುಕೊಂಡು ನಿಧಾನಕ್ಕೆ ನೋಡೋಣ ಅಂದರೆ ಅಷ್ಟು ಡಿಸ್ಕ್ ಎಲ್ಲಿಂದ ತರುವುದು?

ಬಹಳ ಕಾಲ ಇದಕ್ಕೆ ಇದ್ದ ದಾರಿ ಒಂದೇ: ಅದಕ್ಕೆಂದೇ ಚಿಪ್ ಮಾಡಿಸುವುದು. ಚಿಲಿಯಲ್ಲಿ 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ದೂರದರ್ಶಕದ ಕೊರಿಲೇಟರ್ ಹಾಗೆ ಮಾಡಿದ್ದು. ಅದರಲ್ಲಿ 13.4 ಕೋಟಿ ಪ್ರೊಸೆಸರ್‌ಗಳಿವೆ. ಇಂಥ ಯಂತ್ರ ವೇಗವಾಗಿರುತ್ತದೆ, ಕರೆಂಟೂ ಕಡಿಮೆ ತಿನ್ನುತ್ತದೆ. ಆದರೆ ಹೊಸ ಯೋಚನೆ ಹೊಳೆದರೆ ಬದಲಾಯಿಸುವುದು ಕಷ್ಟ. ನೆದರ್‌ಲೆಂಡ್ಸ್‌ನ ಲೋಫಾರ್ ದೂರದರ್ಶಕ ಬೇರೆ ದಾರಿ ಹಿಡಿಯಿತು. ಐಬಿಎಂನ ಬ್ಲೂ ಜೀನ್ ಸೂಪರ್‌ಕಂಪ್ಯೂಟರ್ ತಂದು, ಕೊರಿಲೇಟರನ್ನು ಪೂರ್ತಿ ಸಾಫ್ಟ್‌ವೇರ್‌ನಲ್ಲೇ ಬರೆಯಿತು. ಬದಲಾವಣೆ ಸುಲಭವಾಯಿತು, ಆದರೆ ಸೂಪರ್‌ಕಂಪ್ಯೂಟರ್ ಎಲ್ಲರಿಗೂ ಎಟಕುವುದಿಲ್ಲ ಅಲ್ವಾ?

ಅಷ್ಟರಲ್ಲಿ ಗೇಮ್ ಆಡುವವರ ದೆಸೆಯಿಂದ ಗ್ರಾಫಿಕ್ಸ್ ಕಾರ್ಡುಗಳು, ಅಂದರೆ ಜಿಪಿಯುಗಳು, ದೈತ್ಯರಾಗಿ ಬೆಳೆದಿದ್ದವು. ಪರದೆಯ ಲಕ್ಷಗಟ್ಟಲೆ ಚುಕ್ಕೆಗಳಿಗೆ ಒಂದೇ ಲೆಕ್ಕವನ್ನು ಒಟ್ಟೊಟ್ಟಿಗೆ ಮಾಡುವುದು ಅವುಗಳ ಕಸುಬು. ಮೊದಮೊದಲು ಅವುಗಳಿಂದ ಬೇರೆ ಕೆಲಸ ಮಾಡಿಸಬೇಕೆಂದರೆ ಸಂಖ್ಯೆಗಳನ್ನು ಬಣ್ಣವೆಂದು ನಂಬಿಸಬೇಕಿತ್ತು. 2007ರಲ್ಲಿ ಎನ್‌ವಿಡಿಯಾದ ಕುಡಾ ಬಂದ ಮೇಲೆ ಸಿ ಭಾಷೆಯಂಥದ್ದರಲ್ಲೇ ಪ್ರೋಗ್ರಾಂ ಬರೆಯಬಹುದಾಯಿತು. ಒಂದೆರಡು ವರ್ಷದಲ್ಲೇ ಪಶ್ಚಿಮ ಆಸ್ಟ್ರೇಲಿಯಾದ ಎಂಡಬ್ಲ್ಯುಎ ದೂರದರ್ಶಕದ ತಂಡದವರು ಅದನ್ನು ಪ್ರಯೋಗಕ್ಕೆ ಹಚ್ಚಿದರು.

ಇಲ್ಲೊಂದು ಸೂಕ್ಷ್ಮ ಇದೆ. ಕಾರ್ಡಿಗೆ ಗುಣಿಸುವುದು ಏನೇನೂ ಕಷ್ಟವಲ್ಲ. ಮೆಮೊರಿಯಿಂದ ಸಂಖ್ಯೆ ಎತ್ತಿ ತರುವುದೇ ಕಷ್ಟ. ಎರಡು ಸಂಖ್ಯೆ ತಂದು ಒಂದು ಗುಣಾಕಾರ ಮಾಡಿ ಬಿಸಾಡಿದರೆ ಕಾರ್ಡು ಜಾಸ್ತಿ ಹೊತ್ತು ಸುಮ್ನೆ ಕಾಯುತ್ತಾ ಕೂರುತ್ತದೆ. ಅದೇ ಈ ಕಡೆಯಿಂದ ಎಂಟು, ಆ ಕಡೆಯಿಂದ ಎಂಟು ಸಿಗ್ನಲ್ ತಂದರೆ? ತಂದದ್ದು 16, ಸಿಕ್ಕ ಜೋಡಿ 64. ಹೀಗೆ ತುಂಡು ತುಂಡಾಗಿ ಕೆಲಸ ಹಂಚುವ ಎಕ್ಸ್‌ಜಿಪಿಯು ಎಂಬ ಪ್ರೋಗ್ರಾಮನ್ನು ಮೈಕ್ ಕ್ಲಾರ್ಕ್ ಮತ್ತು ಜೊತೆಗಾರರು 2011ರ ಹೊತ್ತಿಗೆ ಸಿದ್ಧಪಡಿಸಿದರು. ಕ್ಲಾರ್ಕ್ ಕಣ ಭೌತಶಾಸ್ತ್ರದ ಲೆಕ್ಕಗಳಲ್ಲಿ ಪಳಗಿದವರು. ಮುಂದೆ ಎಂಡಬ್ಲ್ಯುಎ ತನ್ನ 128 ಆಂಟೆನಾ ಗುಂಪುಗಳಿಗೆ ಇದನ್ನೇ ಬಳಸಿತು. 2014ರಲ್ಲಿ ಲೋಫಾರ್ ಕೂಡ ಬ್ಲೂ ಜೀನ್ ಬಿಟ್ಟು ಜಿಪಿಯುಗೆ ಬಂತು. ಜಿಎಂಆರ್‌ಟಿಯೂ ಎಫ್‌ಪಿಜಿಎ (ಒಳಗಿನ ಜೋಡಣೆಯನ್ನು ಬೇಕಾದಂತೆ ಬದಲಿಸಬಹುದಾದ ಚಿಪ್) ಮತ್ತು ಜಿಪಿಯು ಎರಡನ್ನೂ ಸೇರಿಸಿ ತನ್ನ ಬ್ಯಾಂಡ್‌ವಿಡ್ತ್ ಅನ್ನು, ಅಂದರೆ ಒಮ್ಮೆಗೆ ಕೇಳಿಸಿಕೊಳ್ಳುವ ಫ್ರೀಕ್ವೆನ್ಸಿಗಳ ಹರವನ್ನು, 32ರಿಂದ 400 ಮೆಗಾಹರ್ಟ್ಸ್‌ಗೆ ಏರಿಸಿಕೊಂಡಿತು.

ಎಲ್ಲ ಕೆಲಸವೂ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದಿಲ್ಲ. 2007ರಲ್ಲಿ ಪಾರ್ಕ್ಸ್ ದೂರದರ್ಶಕದ ಹಳೆಯ ಡೇಟಾದಲ್ಲಿ, ಕೆಲವೇ ಮಿಲಿಸೆಕೆಂಡ್ ಇದ್ದು ಮಾಯವಾದ ಒಂದು ರೇಡಿಯೊ ಮಿಂಚು ಸಿಕ್ಕಿತು. ಅದರಿಂದ ಇಂಥವುಗಳ ಬೇಟೆ ಶುರುವಾಯಿತು. ಇವು ದಾರಿಯಲ್ಲಿ ಎಲೆಕ್ಟ್ರಾನ್‌ಗಳ ನಡುವೆ ಹಾದು ಬರುವಾಗ ಕಡಿಮೆ ಫ್ರೀಕ್ವೆನ್ಸಿಯ ಭಾಗ ಹಿಂದೆ ಬೀಳುತ್ತದೆ. 800 ಮೆಗಾಹರ್ಟ್ಸ್‌ನ ಭಾಗ ಬಂದು ಸುಮಾರು ಹತ್ತು ಸೆಕೆಂಡ್ ಆದ ಮೇಲೆ 400ರದ್ದು ಬರುವುದೂ ಉಂಟು. ಎಷ್ಟು ತಡ ಎಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಸಾವಿರಾರು ಬೇರೆ ಬೇರೆ ತಡಗಳನ್ನು ಊಹಿಸಿ, ಒಂದೊಂದಕ್ಕೂ ಸಿಗ್ನಲ್ ನೆಟ್ಟಗೆ ಮಾಡಿ ನೋಡಬೇಕು. ಕೆಲಸ ಹಂಚಲು ಸುಲಭ, ಆದರೆ ಬರೀ ಕೂಡಿಸುವುದೇ ಆದ್ದರಿಂದ ಕಾರ್ಡಿನ ವೇಗಕ್ಕೆ ಮತ್ತೆ ಮೆಮೊರಿ ಅಡ್ಡ ಬರುತ್ತದೆ. "ಜಿಪಿಯು ಹಾಕಿದರೆ ನೂರು ಪಟ್ಟು ವೇಗ" ಎಂದು ಯಾರಾದರೂ ಹೇಳಿದರೆ, ಯಾವ ಕೆಲಸಕ್ಕೆ, ಯಾವುದಕ್ಕೆ ಹೋಲಿಸಿ ಎಂದು ಕೇಳುವುದು ಒಳ್ಳೆಯದು.

ಚೈಮ್‌ನಲ್ಲಿ 1,024 ಜಿಪಿಯುಗಳಿವೆ. ದೂರದರ್ಶಕದ ಪಕ್ಕದಲ್ಲೇ ಹಡಗಿನ ಕಂಟೇನರ್‌ಗಳಲ್ಲಿ ಕೂತಿವೆ. ತಂಪು ಮಾಡಲು ದ್ರವ ಹರಿಯುತ್ತದೆ. ಸುತ್ತಲೂ ರೇಡಿಯೊ ಹೊರಬೀಳದಂತೆ ಲೋಹದ ಕವಚ, ಯಾಕೆಂದರೆ ಕಂಪ್ಯೂಟರ್‌ಗಳ ಗದ್ದಲವೇ ಆಂಟೆನಾದ ಕಿವಿಗೆ ಬೀಳುತ್ತದೆ! 2021ರಲ್ಲಿ ಪ್ರಕಟವಾದ ಮೊದಲ ಪಟ್ಟಿಯಲ್ಲಿ, ಸುಮಾರು ಒಂದೇ ವರ್ಷದ ವೀಕ್ಷಣೆಯಿಂದ 500ಕ್ಕೂ ಹೆಚ್ಚು ಮಿಂಚುಗಳಿದ್ದವು.

ಜೋಡಿಗಳನ್ನು ಗುಣಿಸುವಾಗ ಚೈಮ್ ಪ್ರತಿ ಸಂಖ್ಯೆಗೂ ನಾಲ್ಕೇ ಬಿಟ್ ಬಳಸುತ್ತದೆ. ಇಷ್ಟು ಒರಟು ಅಳತೆ ಸಾಕಾ? ಸಾಕು. ಆಂಟೆನಾಗೆ ಬರುವುದರಲ್ಲಿ ಬಹುಪಾಲು ಗದ್ದಲವೇ. ಸರಾಸರಿ ತೆಗೆಯುತ್ತಾ ಹೋದರೆ ಒರಟುತನ ಕರಗುತ್ತದೆ. 1963ರಲ್ಲೇ ಅಮೆರಿಕದ ಎಂಜಿನಿಯರ್ ಸ್ಯಾಂಡರ್ ವೈನ್‌ರೆಬ್ ಒಂದೇ ಬಿಟ್‌ನಲ್ಲಿ, ಅಂದರೆ ಸಿಗ್ನಲ್ ಸೊನ್ನೆಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನಷ್ಟೇ ಬರೆದುಕೊಂಡು, ಕೆಲಸ ಸಾಧಿಸಿದ್ದರು. ಅದೇ ಯಂತ್ರದಿಂದ ಅದೇ ವರ್ಷ ಅಂತರಿಕ್ಷದಲ್ಲಿ ಹೈಡ್ರಾಕ್ಸಿಲ್ ಅಣು ಪತ್ತೆಯಾಯಿತು. ಈಗ ಎಐಗೂ ಇಂಥ ಸಣ್ಣ ಸಂಖ್ಯೆಗಳೇ ಬೇಕು. ಅದಕ್ಕೆಂದೇ ಕಾರ್ಡುಗಳಲ್ಲಿ ಟೆನ್ಸರ್ ಕೋರ್ ಎಂಬ, ಸಂಖ್ಯೆಗಳ ಗುಂಪುಗಳನ್ನು ಒಟ್ಟಿಗೆ ಗುಣಿಸುವ ಭಾಗಗಳು ಬಂದಿವೆ. ಲೋಫಾರ್‌ನಲ್ಲಿ ಕೆಲಸ ಮಾಡಿದ ಜಾನ್ ರೊಮೈನ್ ಅವುಗಳ ಮೇಲೆ ಕೊರಿಲೇಟರ್ ಓಡಿಸಿ ನೋಡಿದರು. ಅದೇ ಕಾರ್ಡಿನ ಮಾಮೂಲಿ ಕೋರ್‌ಗಳಿಗಿಂತ ಅದು ಹಲವು ಪಟ್ಟು ವೇಗವಾಗಿ ಓಡಿತು.