ಅಂಗಳದ ಅಂಚು ಬಿಚ್ಚುವ ಮುನ್ನ

ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಯಾವ ಕಡೆ ಹೋದರೂ ಈಗ ಮನೆ ಮುಂದೆ ಇಂಟರ್‌ಲಾಕ್ ಹಾಸಿದ ಅಂಗಳ ಕಾಣುತ್ತದೆ. ಹಾಸಿದ ಕಾಲಕ್ಕೆ ಮನೆಯಲ್ಲಿ ಬೈಕ್ ಇತ್ತು. ಈಗ ಕಾರು ಬಂದಿದೆ, ಅಡಿಕೆ ಹೇರಲು ಪಿಕಪ್ ಬರುತ್ತದೆ, ದಾರಿ ಒಂದು ಮೀಟರ್ ಸಾಲುವುದಿಲ್ಲ. ಅಗಲ ಮಾಡುವ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ಆದರೆ ಪಕ್ಕಕ್ಕೆ ಮಣ್ಣು ತುಂಬಿ, ಬ್ಲಾಕ್ ಜೋಡಿಸಿ ಕೈ ತೊಳೆದುಕೊಂಡರೆ ಆರಿದ್ರಾ ಮಳೆ ಹೊತ್ತಿಗೆ ಹೊಸ ಭಾಗ ಕುಸಿದು, ಹಳೆಯದರ ಪಕ್ಕ ಮೆಟ್ಟಿಲಾಗಿ ನಿಲ್ಲುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಜನ ಕೂತ ಸಣ್ಣ ಕಾರಿನ ತೂಕ 1,200 ಕಿಲೋ ಅಂತಿಟ್ಟುಕೊಳ್ಳಿ. ಒಂದು ಚಕ್ರಕ್ಕೆ 300 ಕಿಲೋ. ಟೈರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ. ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗ ಸುಮಾರು 130 ಚದರ ಸೆಂಟಿಮೀಟರ್. 20 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಬ್ಲಾಕಿನ ಮೇಲ್ಮೈ 200. ಅಂದರೆ ಚಕ್ರದ ಪೂರ್ತಿ ಭಾರ ಒಂದೇ ಬ್ಲಾಕಿನ ಮೇಲೆ ಕೂರಬಹುದು. ಆ ಬ್ಲಾಕಿನ ತೂಕ ಮೂರು ಕಿಲೋನೂ ಇಲ್ಲ. ಆದರೂ ಅದು ಒಂದೇ ಕೆಳಗೆ ಹೋಗುವುದಿಲ್ಲ ಅಲ್ವಾ? ಅಕ್ಕಪಕ್ಕದವು ಅದನ್ನು ಹಿಡಿದುಕೊಂಡಿವೆ. ಹಿಡಿಸಿರುವುದು ಸಂದಿಯಲ್ಲಿ ತುಂಬಿದ ಮರಳು.

ಎರಡರಿಂದ ನಾಲ್ಕು ಮಿಲಿಮೀಟರಿನ ಸಂದಿ, ಅದರೊಳಗೆ ಬಿಗಿಯಾಗಿ ಕೂತ ಸಣ್ಣ ಮರಳು. ಬ್ಲಾಕ್ ಕೆಳಗೆ ಜಾರಬೇಕಾದರೆ ಕಾಳುಗಳು ಒಂದರ ಮೇಲೊಂದು ಹತ್ತಿ ಉರುಳಬೇಕು. ಹತ್ತಲು ಜಾಗ ಬೇಕು, ಜಾಗ ಇಲ್ಲ. ಹಾಗಾಗಿ ಜಾರಲು ನೋಡಿದಷ್ಟೂ ಮರಳು ಇನ್ನಷ್ಟು ಬಿಗಿಯುತ್ತದೆ. ಒತ್ತಾಗಿ ಕೂತ ಮರಳು ಕದಲುವಾಗ ಹಿಗ್ಗುತ್ತದೆ ಅನ್ನುವುದನ್ನು ಬ್ರಿಟಿಷ್ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ವಿವರಿಸಿದ್ದ. ಮುರ್ಡೇಶ್ವರದ ತೀರದಲ್ಲಿ ಒದ್ದೆ ಮರಳಿನ ಮೇಲೆ ಹೆಜ್ಜೆ ಇಟ್ಟಾಗ ಪಾದದ ಸುತ್ತ ಒಂದು ಕ್ಷಣ ಒಣಗಿದ ಹಾಗೆ ಕಾಣುವುದೂ ಇದರಿಂದಲೇ. ಕಾಳುಗಳ ನಡುವೆ ಜಾಗ ಹೆಚ್ಚಿ, ಮೇಲಿನ ನೀರು ಒಳಗಿಳಿಯುತ್ತದೆ.

ಹಳೆ ಅಂಗಳ ಬಿಚ್ಚುವಾಗ ಇದು ಕೈಗೇ ಗೊತ್ತಾಗುತ್ತದೆ. ಮೊದಲ ಬ್ಲಾಕ್ ಏಳುವುದೇ ಇಲ್ಲ. ಎರಡು ಕಡೆ ತೆಳು ಚಾಣ ಹಾಕಿ, ಸಂದಿಯ ಮರಳು ಕೆರೆದು, ಅಲ್ಲಾಡಿಸಿ ಅಲ್ಲಾಡಿಸಿ ಎತ್ತಬೇಕು. ಹೊರಗೆ ಬಂದಾಗ ಪಕ್ಕಗಳಿಗೆ ಮರಳು ಮೆತ್ತಿಕೊಂಡಿರುತ್ತದೆ, ಕೆಳಗಿನ ಮರಳಿನಲ್ಲಿ ಬ್ಲಾಕಿನ ಅಚ್ಚು ಹಾಗೇ ಉಳಿದಿರುತ್ತದೆ. ಅದೊಂದು ಬಂದ ಮೇಲೆ ಪಕ್ಕದ್ದು ಬರಿಗೈಯಲ್ಲಿ ಬರುತ್ತದೆ. ಒತ್ತಿ ಹಿಡಿಯುವವರು ಒಂದು ಕಡೆ ಇಲ್ಲದಿದ್ದರೆ ಬಿಗಿ ಸಡಿಲ. ಅಂಚಿನ ಕರ್ಬ್ ಕಲ್ಲು ಇರುವುದು ಅದಕ್ಕೇ, ಚಂದಕ್ಕಲ್ಲ. ದಾರಿ ಅಗಲ ಮಾಡುವುದೆಂದರೆ ಆ ಕಲ್ಲನ್ನೇ ಕಿತ್ತು ಇನ್ನೊಂದು ಕಡೆ ನಿಲ್ಲಿಸುವುದು. ಹೊಸ ಅಂಚು ಗಟ್ಟಿಯಾಗುವವರೆಗೆ ಹಳೆ ಭಾಗದ ಮೇಲೂ ಗಾಡಿ ಓಡಿಸಬೇಡಿ.

ಇನ್ನು ನೆಲದ ವಿಷಯ. ಹಳೆ ಭಾಗದ ಕೆಳಗಿನ ಮಣ್ಣು ವರ್ಷಗಟ್ಟಲೆ ಮಳೆ ಕುಡಿದು, ಚಕ್ರದ ಭಾರ ತಿಂದು, ಇಳಿಯುವಷ್ಟು ಇಳಿದು ನಿಂತಿದೆ. ಹೊಸದು ಇನ್ನೂ ಇಳಿಯಬೇಕು. ಎರಡೂ ಒಂದೇ ಗೆರೆಯಲ್ಲಿ ಸೇರಿದರೆ ಬಿರುಕು ಅಲ್ಲೇ. ಅದಕ್ಕೆ ಹಳೆಯದರ ಎರಡು ಮೂರು ಸಾಲು ಬ್ಲಾಕ್ ತೆಗೆದು, ಕೆಳಗಿನ ಜಲ್ಲಿಯನ್ನು ಮೆಟ್ಟಿಲಿನಂತೆ ಕಡಿದು, ಹೊಸ ಜಲ್ಲಿ ಅದರ ಮೇಲೆ ಹತ್ತಿ ಕೂರುವಂತೆ ಮಾಡಬೇಕು. ಆಗ ಕೆಳಗಿನ ಕೂಡು ಒಂದು ಕಡೆ, ಮೇಲಿನ ಕೂಡು ಇನ್ನೊಂದು ಕಡೆ ಬೀಳುತ್ತದೆ. ಬ್ಲಾಕುಗಳನ್ನೂ ನೇರ ಗೆರೆಗೆ ನಿಲ್ಲಿಸದೆ ಹಳೆ ವಿನ್ಯಾಸದೊಳಗೇ ಹೆಣೆದುಕೊಂಡು ಹೋಗಿ. ಹಳೆ ಬ್ಲಾಕ್ ಒಂದನ್ನು ಅಂಗಡಿಗೆ ತೆಗೆದುಕೊಂಡು ಹೋಗುವುದು ಒಳ್ಳೆಯದು. ಅಚ್ಚು ಒಂದಿಷ್ಟು ಬೇರೆಯಾದರೂ ಹೆಣಿಗೆ ಕೂರುವುದಿಲ್ಲ.

ಒಂದು ಮೀಟರ್ ಅಗಲ, ಹನ್ನೆರಡು ಮೀಟರ್ ಉದ್ದ ಅಂದುಕೊಂಡರೆ ಬ್ಲಾಕ್ ಸುಮಾರು 600 ಬೇಕು. ಕಾರಿಗೆ 60 ಮಿಲಿಮೀಟರ್ ದಪ್ಪ ಸಾಕು. ತುಂಬಿದ ಪಿಕಪ್ ದಿನಾ ಬರುವುದಾದರೆ 80 ಹಾಕಿ. ಅದರ ಕೆಳಗೆ 30 ಮಿಲಿಮೀಟರ್ ಮರಳು, ಅದರ ಕೆಳಗೆ ಕನಿಷ್ಠ 150 ಮಿಲಿಮೀಟರ್ ಸಣ್ಣದು ದೊಡ್ಡದು ಬೆರೆತ ಜಲ್ಲಿ. ಜಲ್ಲಿ ಅಂಚಿಗೇ ನಿಲ್ಲಬಾರದು, ಕರ್ಬ್ ಕಲ್ಲಿನಿಂದ ಒಂದು ಗೇಣು ಆಚೆಗೂ ಹೋಗಬೇಕು. ಭಾರ ಕೆಳಕ್ಕಿಳಿಯುತ್ತಾ ಅಗಲವಾಗುತ್ತದೆ, ಅದಕ್ಕೂ ನೆಲ ಬೇಕಲ್ಲ.

ಮಣ್ಣು ದಮ್ಮಸು ಮಾಡುವಾಗ ಎಷ್ಟು ನೀರು? ಒಣ ಮಣ್ಣಿನ ಹೆಂಟೆಗಳು ಒಂದನ್ನೊಂದು ತಡೆದು ನಿಲ್ಲುತ್ತವೆ. ಸ್ವಲ್ಪ ಪಸೆ ಇದ್ದರೆ ಜಾರಿ ಒತ್ತಾಗುತ್ತವೆ. ನೀರು ಜಾಸ್ತಿಯಾದರೆ ಸಂದುಗಳಲ್ಲೆಲ್ಲ ನೀರೇ ತುಂಬಿಕೊಳ್ಳುತ್ತದೆ, ಎಷ್ಟು ಬಡಿದರೂ ಮಣ್ಣು ಅದುರುತ್ತದೆಯೇ ಹೊರತು ಕೂರುವುದಿಲ್ಲ. ಈ ಹದವನ್ನು ಅಳೆಯುವ ಕ್ರಮವನ್ನು ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಬರೆದಿಟ್ಟ. ಮನೆಯಲ್ಲಿ ಕೈಯೇ ಸಾಕು. ಹಿಡಿ ಮಣ್ಣು ಹಿಚುಕಿದರೆ ಉಂಡೆ ಆಗಬೇಕು, ಅಂಗೈಗೆ ನೀರು ಹತ್ತಬಾರದು, ಕೆಳಗೆ ಬಿಟ್ಟರೆ ಪುಡಿಯಾಗದೆ ಎರಡು ಮೂರು ತುಂಡಾಗಬೇಕು. ಒಂದು ಸಲಕ್ಕೆ 10 ಸೆಂಟಿಮೀಟರಿಗಿಂತ ಹೆಚ್ಚು ತುಂಬಬೇಡಿ. ಮೇಲೆ ಮಾತ್ರ ಗಟ್ಟಿಯಾಗಿ ಒಳಗೆ ಪೊಳ್ಳು ಉಳಿಯುತ್ತದೆ. ಅದುರುತ್ತಾ ನೆಲ ಒತ್ತುವ ಯಂತ್ರ, ಪ್ಲೇಟ್ ಕಂಪ್ಯಾಕ್ಟರ್, ಬಾಡಿಗೆಗೆ ತಂದರೆ ಕೊಟ್ಟ ದುಡ್ಡು ದಂಡವಲ್ಲ.

ಮಲೆನಾಡಿನಲ್ಲಿ ಇಷ್ಟು ಮಾಡಿದರೂ ನೀರಿಗೆ ದಾರಿ ತೋರಿಸದಿದ್ದರೆ ಎಲ್ಲ ವ್ಯರ್ಥ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಅಷ್ಟಿಲ್ಲದ ಊರಲ್ಲೂ ದಿನಕ್ಕೆ 100 ಮಿಲಿಮೀಟರ್ ಸುರಿದರೆ ಹಳೆಯದೂ ಹೊಸದೂ ಸೇರಿ 42 ಚದರ ಮೀಟರ್ ಅಂಗಳವಾದರೆ ಅದರ ಮೇಲೆ 4,200 ಲೀಟರ್ ನೀರು ಬಿದ್ದ ಹಾಗಾಯಿತು. ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರು ಕೊಡಿ, ಮನೆಯಿಂದ ಆಚೆಗೆ. ಮೇಲಿನ ನೀರಿಗಿಂತ ತಂಟೆ ಕೊಡುವುದು ಧರೆ, ಅಂದರೆ ಅಂಗಳದ ಪಕ್ಕ ಕಡಿದ ಗುಡ್ಡದ ಕಡೆಯಿಂದ ಒಳಗೊಳಗೇ ಬರುವ ನೀರು. ಜುಲೈನಲ್ಲಿ ಜಲ ಎದ್ದಾಗ ಜಲ್ಲಿಯ ಸಂದೆಲ್ಲ ನೀರು. ಅದರ ಮೇಲೆ ಚಕ್ರ ಹೋದರೆ ಒತ್ತಿದ ನೀರು ಸಂದಿಯಿಂದ ಚಿಮ್ಮುತ್ತದೆ, ಜೊತೆಗೆ ನುಣ್ಣನೆ ಮಣ್ಣನ್ನೂ ತರುತ್ತದೆ. ಹೊಸ ಅಂಗಳದ ಮೇಲೆ ಕೆಂಪು ರಾಡಿ ಕಂಡರೆ ಕೆಳಗೆ ಪೊಳ್ಳಾಗುತ್ತಿದೆ ಅಂತಲೇ ತಿಳಿಯಿರಿ. ಹಾಗಾಗಿ ಬ್ಲಾಕ್ ಕೊಳ್ಳುವ ಮೊದಲು ಧರೆ ಬುಡದಲ್ಲಿ ಚರಂಡಿ ತೋಡಿ, ಜಲ್ಲಿಯ ತಳಕ್ಕಿಂತ ಆಳವಾಗಿ. ಮಣ್ಣಿಗೂ ಜಲ್ಲಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಮಣ್ಣು ಮೇಲೇರುವುದಿಲ್ಲ. ಪ್ಲಾಸ್ಟಿಕ್ ಶೀಟ್ ಬೇಡ, ಅದು ನೀರು ನಿಲ್ಲಿಸುತ್ತದೆ. ಬ್ಲಾಕಿನ ಕೆಳಗೆ ಕ್ರಷರ್ ಪುಡಿ ಹಾಕುವುದೂ ನನಗೆ ಸರಿ ಕಾಣುವುದಿಲ್ಲ. ಧೂಳು ಹೆಚ್ಚಿದ್ದರೆ ನೀರು ಹಿಡಿದುಕೊಂಡು ಕೆಸರಾಗುತ್ತದೆ. ತೊಳೆದ ದಪ್ಪ ಮರಳು ವಾಸಿ.

ಹೊಸ ಬ್ಲಾಕುಗಳನ್ನು ಹಳೆ ಮಟ್ಟಕ್ಕಿಂತ ಸುಮಾರು ಅರ್ಧ ಸೆಂಟಿಮೀಟರ್ ಎತ್ತರಕ್ಕೆ ಕೂರಿಸಿ, ಯಂತ್ರ ಓಡಿಸಿದಾಗ ಸಮಕ್ಕೆ ಬರುತ್ತವೆ. ಕೆಲವು ದಿನಕ್ಕೆ ಮೇಲೆ ಬಿಳಿ ಬೂದಿಯ ಹಾಗೆ ಕಂಡರೆ ಗಾಬರಿ ಬೇಡ. ಸಿಮೆಂಟಿನ ಸುಣ್ಣ ನೀರಿನ ಜೊತೆ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಆದದ್ದು, ಮಳೆಗೆ ನಿಧಾನವಾಗಿ ಹೋಗುತ್ತದೆ. ಸಂದಿಗೆ ಮಾತ್ರ ಸಿಮೆಂಟ್ ತುಂಬಿಸಬೇಡಿ, ನೆಲ ಒಂದಿಷ್ಟು ಅಲುಗಿದರೂ ಅದು ಸೀಳುತ್ತದೆ. ಒಣಗಿದ ಸಣ್ಣ ಮರಳನ್ನು ಗುಡಿಸಿ ತುಂಬಿ, ಯಂತ್ರ ಓಡಿಸಿ, ಮತ್ತೆ ತುಂಬಿ. ಮರಳು ಒಣಗಿರಲೇಬೇಕು, ಒದ್ದೆಯದು ಬಾಯಲ್ಲೇ ಕಚ್ಚಿಕೊಂಡು ಒಳಗಿಳಿಯುವುದಿಲ್ಲ. ಇದೆಲ್ಲ ಮೃಗಶಿರ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಸಂದಿಗಳನ್ನು ನೋಡಿ, ಮರಳು ಇಳಿದ ಕಡೆ ಇನ್ನೊಂದು ಬುಟ್ಟಿ ಗುಡಿಸಿ ಹಾಕಿ.